ಎಂಟು ತೂತು, ಎರಡು ಪಿನ್: ಷಟರ್ ಸ್ಪ್ರಿಂಗ್ ನಾನೇ ಬದಲಾಯಿಸಿದ ಅನುಭವ

ಮೊನ್ನೆ ನಮ್ಮಮ್ಮ ಜೀಪ್ ಶೆಡ್ಡಿನ ಷಟರ್ ಒಂದೇ ಕೈಯಲ್ಲಿ ಎತ್ತಿ ಒಳಗಿಂದ ಗೋಣಿಚೀಲ ತಂದರು. ಅವರಿಗೆ ಈಗ ಎಪ್ಪತ್ತೆರಡು. ಎರಡೂವರೆ ವರ್ಷದ ಹಿಂದೆ ಇದೇ ಷಟರ್ ಎತ್ತೋಕೆ ಮೂರು ಜನ ಗಂಡಸರು ಬೇಕಿತ್ತು. "ಆ ಸ್ಪ್ರಿಂಗ್ ಮುಟ್ಟಬೇಡ ಮಗಾ" ಅಂತ ಆಗ ದಿನಾ ಹೇಳುತ್ತಿದ್ದವರೂ ಅವರೇ. ವೆಲ್ಡರ್ ಬೇಡ ಅಂದ. ಭಾಮೈದ ಬೇಡ ಅಂದ. ನಾನು ಹಾಕಿದ ಸ್ಪ್ರಿಂಗ್ ಎರಡು ಮಳೆಗಾಲ ಕಳೆದಿದೆ, ಒಂದೂ ಮುರಿದಿಲ್ಲ. ಇನ್ನು ಬರೆಯಬಹುದು ಅನ್ನಿಸಿತು.

ನಮ್ಮದು ಮೂಡಿಗೆರೆ ಕಡೆ. ಷಟರ್ 9 ಅಡಿ ಅಗಲ, 8 ಅಡಿ ಎತ್ತರ, 18 ಗೇಜ್ ಪಟ್ಟಿ. ಗೇರ್ ಇಲ್ಲ, ಕೈಯಲ್ಲೇ ಎತ್ತಿ ಇಳಿಸುವಂಥದ್ದು. ಮೇಲೆ ಎರಡು ತುದಿಯಲ್ಲಿ ಬ್ರಾಕೆಟ್ ಮೇಲೆ ಕೂರಿಸಿ, ತಿರುಗದ ಹಾಗೆ ಕ್ಲಾಂಪ್ ಬಿಗಿದ ಎರಡು ಇಂಚಿನ ಪೈಪ್, ಅದರ ಮೇಲೆ ತಿರುಗುವ ನಾಲ್ಕು ವೀಲ್, ಒಂದೊಂದರ ಒಳಗೂ ತಂತಿ ಸ್ಪ್ರಿಂಗ್. ಷಟರ್ ಇಳಿದಂತೆ ಈ ಸ್ಪ್ರಿಂಗ್ ಬಿಗಿಯಾಗುತ್ತದೆ, ಎತ್ತುವಾಗ ಭಾರ ಹೊರುವುದು ಅದೇ. ಪಟ್ಟಿಗಳ ಭಾರವೇ ಸುಮಾರು 90 ಕೆಜಿ. ಪುನರ್ವಸು ಮಳೆ ಜೋರಾಗಿದ್ದಾಗ ಒಂದು ಬೆಳಿಗ್ಗೆ ಪಟಾರ್ ಅಂತ ಸದ್ದು ಬಂತು. ಮೊದಲನೇ ಸ್ಪ್ರಿಂಗ್ ಹೋಗಿತ್ತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ವಾ, ಆ ವರ್ಷ ನಮ್ಮ ತೋಟದ ಲೆಕ್ಕದಲ್ಲಿ 90 ಇಂಚು ದಾಟಿತ್ತು. ಷಟರ್ ಸುತ್ತಿಕೊಳ್ಳುವ ಮೇಲಿನ ಡಬ್ಬದ ಒಳಗೆ ತೇವ ಆರುವುದೇ ಇಲ್ಲ. ತುಕ್ಕು ಹಿಡಿದ ಜಾಗದಲ್ಲೇ ತಂತಿ ಮುರಿದಿತ್ತು.

ಮೊದಲು ದುಡ್ಡು ಹೋದ ಕಥೆ ಹೇಳುತ್ತೇನೆ, ಕಲಿತದ್ದು ಅಲ್ಲೇ.

ವೆಲ್ಡರ್ ಕರೆಸಿದೆ. ಮುರಿದ ತಂತಿಯನ್ನು ಬೆಸೆದು ಕೊಟ್ಟ, 800 ರೂಪಾಯಿ. ಮೂರು ವಾರಕ್ಕೆ ಬೆಸುಗೆಯಿಂದ ಅರ್ಧ ಇಂಚು ಪಕ್ಕದಲ್ಲಿ ಮತ್ತೆ ಮುರಿಯಿತು. ಸ್ಪ್ರಿಂಗ್ ತಂತಿಗೆ ಬೆಂಕಿ ತಾಗಿದರೆ ಅದರ ಹದ ಹೋಯಿತು ಅಂತಲೇ ಲೆಕ್ಕ. ಯಾರೇ ಹೇಳಿದರೂ ಬೆಸೆಯಲು ಕೊಡಬೇಡಿ.

ಆಮೇಲೆ ಪೂರ್ತಿ ರಿಪೇರಿಗೆ ಷಟರ್ ಮಾಡುವವರ ಹತ್ತಿರ ರೇಟ್ ಕೇಳಿದೆ. 11,000 ಅಂದರು, ಅದೂ ಮಳೆ ನಿಂತ ಮೇಲೆ ಬರುತ್ತೇವೆ ಅಂದರು. ನಾನೇ ಒಂದು ಸ್ಪ್ರಿಂಗ್ ತಂದು ಹಾಕಲು ಹೊರಟೆ. ಇಲ್ಲೇ ನಾನು ಮಾಡಿದ ದೊಡ್ಡ ತಪ್ಪು. ಷಟರ್ ಸಿಕ್ಕಿಹಾಕಿಕೊಂಡು ಅರ್ಧದಲ್ಲಿ ನಿಂತಿತ್ತು. ಹಾಗೇ ಪೈಪಿಗೆ ರೆಂಚ್ ಹಾಕಿ ಯೂ ಕ್ಲಾಂಪ್ ಸಡಿಲ ಮಾಡಿದೆ. ರೆಂಚಿನ ಹಲ್ಲು ತುಕ್ಕಿನ ಮೇಲೆ ಜಾರಿತು. ಪೈಪ್ ಗಿರ್ರನೆ ತಿರುಗಿತು, ರೆಂಚ್ ಕೈಯಿಂದ ಹಾರಿ ಜೀಪಿನ ಬಾನೆಟ್ ಮೇಲೆ ಬಿತ್ತು. ಬಾನೆಟ್ ತಟ್ಟಿಸಿ ಬಣ್ಣ ಹೊಡೆಸಲು 2,500 ಆಯಿತು. ಆ ರೆಂಚ್ ನನ್ನ ತಲೆಯ ಪಕ್ಕದಲ್ಲೇ ಹೋಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಷಟರ್ ಕೆಳಗೆ ಇದ್ದಷ್ಟೂ ಸ್ಪ್ರಿಂಗ್ ಬಿಗಿ ಜಾಸ್ತಿ. ಪೂರ್ತಿ ಮೇಲೆ ಹೋದಾಗ ಅತಿ ಕಮ್ಮಿ, ಆದರೆ ಸೊನ್ನೆ ಅಲ್ಲ. ನನ್ನ ಷಟರಿನಲ್ಲಿ ಮೇಲಿನಿಂದ ಕೆಳಗೆ ಬರುವಾಗ ವೀಲ್ ಸುಮಾರು 3 ಸುತ್ತು ತಿರುಗುತ್ತದೆ. ಮೇಲಿದ್ದಾಗಲೇ 2 ಸುತ್ತಿನ ಬಿಗಿ ಇರುತ್ತದೆ. ಅಂದರೆ ಕೆಳಗೆ 5, ಮೇಲೆ 2. ಕ್ಲಾಂಪ್ ಮುಟ್ಟುವುದಿದ್ದರೆ ಷಟರ್ ಮೇಲಿದ್ದಾಗ ಮಾತ್ರ.

ಎರಡನೇ ಸಲ ಹುಷಾರಾಗಿ ಮಾಡಿದೆ, ಆದರೆ ಹೋಗಿದ್ದ ಒಂದು ಸ್ಪ್ರಿಂಗ್ ಮಾತ್ರ ಬದಲಾಯಿಸಿದೆ. ಎಡಗಡೆ ಹೊಸದು, ಬಲಗಡೆ ಹತ್ತು ವರ್ಷದ ಹಳೆಯದು. ಷಟರ್ ಓರೆಯಾಗಿ ಏರಿ, ಪಟ್ಟಿ ಓಡುವ ಪಕ್ಕದ ಚಾನೆಲ್‌ನಲ್ಲಿ ಕಚ್ಚಿಕೊಂಡಿತು, ಪಟ್ಟಿ ಪಕ್ಕಕ್ಕೆ ಸರಿಯದಂತೆ ತುದಿಗೆ ಹಾಕಿದ ನಾಲ್ಕಾರು ಲಾಕ್ ಕಿತ್ತುಬಂದವು. ವಾರದೊಳಗೆ ಹಳೆಯ ಎರಡು ಸ್ಪ್ರಿಂಗ್ ಒಟ್ಟಿಗೇ ಹೋದವು. ಹಾಕಿದರೆ ನಾಲ್ಕೂ ಒಟ್ಟಿಗೆ ಹಾಕಬೇಕು.

ಮಳೆ ಮುಗಿಯುವವರೆಗೆ ಬೇರೆ ಒಂದು ಪ್ರಯೋಗ ಮಾಡಿದೆ. ಸ್ಪ್ರಿಂಗೇ ಬೇಡ, ಎದುರು ಭಾರ ಕಟ್ಟೋಣ ಅಂತ. ಹಳೇ ಬಾವಿಯ ಎರಡು ರಾಟೆಗಳನ್ನು ತೊಲೆಗೆ ಸಿಕ್ಕಿಸಿ, ಷಟರಿನ ಎರಡು ತುದಿಗೆ ಹಗ್ಗ ಕಟ್ಟಿ, ಮರಳು ತುಂಬಿದ ಚೀಲ ಇಳಿಬಿಟ್ಟೆ. ಕೆಳಗಿನಿಂದ ಎತ್ತುವಾಗ ಬಹಳ ಚೆನ್ನಾಗಿತ್ತು. ಆದರೆ ಮೇಲೆ ಹೋದಂತೆ ಷಟರ್ ಸುತ್ತಿಕೊಂಡು ನೇತಾಡುವ ಭಾರ ಕಮ್ಮಿಯಾಗುತ್ತದೆ, ಮರಳಿನ ಭಾರ ಕಮ್ಮಿಯಾಗುವುದಿಲ್ಲ. ಕೊನೆಯ ಎರಡು ಅಡಿಯಲ್ಲಿ ಧಡಾರನೆ ಹೋಗಿ ಡಬ್ಬಕ್ಕೆ ಬಡಿಯುತ್ತಿತ್ತು. ಚೀಲದ ಬದಲು ನೆಲ ಮುಟ್ಟಿದಂತೆ ಮಡಚಿಕೊಳ್ಳುವ ದಪ್ಪ ಸರಪಳಿ ಹಾಕಿದರೆ ಸರಿಹೋಗುತ್ತದೆ ಅಂತ ಈಗಲೂ ನನ್ನ ನಂಬಿಕೆ. ಸರಪಳಿಯ ರೇಟ್ ಕೇಳಿ ಸುಮ್ಮನಾದೆ.

ದಾರಿ ಸಿಕ್ಕಿದ್ದು ವಿಡಿಯೋ ನೋಡುವಾಗ. ಅಮೆರಿಕದ ಗ್ಯಾರೇಜ್ ಬಾಗಿಲು ನಮ್ಮ ಷಟರ್ ಥರ ಇಲ್ಲ. ಹಲಗೆಗಳ ಬಾಗಿಲು, ಮೇಲೆ ಉದ್ದನೆ ಸ್ಪ್ರಿಂಗ್, ಅದರ ತುದಿಯ ಅಚ್ಚಿಗೆ ನಾಲ್ಕು ತೂತು. ಎರಡು ಕಬ್ಬಿಣದ ಸರಳು ಇಟ್ಟುಕೊಂಡು ಕಾಲು ಕಾಲು ಸುತ್ತು ತಿರುಗಿಸುತ್ತಾರೆ. 7 ಅಡಿ ಬಾಗಿಲಿಗೆ ಸುಮಾರು 30 ಕಾಲು ಸುತ್ತು. ಒಂದು ಸರಳು ಒಳಗೆ ಕೂರದೆ ಇನ್ನೊಂದನ್ನು ತೆಗೆಯುವುದಿಲ್ಲ. ಸರಳಿನ ಬದಲು ಸ್ಕ್ರೂಡ್ರೈವರ್ ಹಾಕಲೇಬೇಡಿ ಅಂತ ಪ್ರತಿಯೊಬ್ಬರೂ ಹೇಳುತ್ತಾರೆ. ನಮ್ಮ ಷಟರಿನಲ್ಲಿ ಆ ಥರದ ಹಿಡಿತ ಇಲ್ಲ. ರೆಂಚೊಂದನ್ನೇ ನಂಬಬೇಕು. ಜಾರಿದರೆ ತಡೆಯೋದು ಏನೂ ಇಲ್ಲ.

ಆ ತಡೆಯನ್ನು ನಾನು ಮಾಡಿಕೊಂಡೆ. 10 ಎಂಎಂ ಪ್ಲೇಟಿನಲ್ಲಿ 8 ಇಂಚಿನ ದುಂಡು ಬಿಲ್ಲೆ ಕತ್ತರಿಸಿ, ಲೇತ್‌ನವರ ಹತ್ತಿರ ಸುತ್ತ ಎಂಟು ತೂತು ಹಾಕಿಸಿದೆ. ಬ್ರಾಕೆಟ್ ಆಚೆಗೆ ಪೈಪ್ ನಾಲ್ಕು ಇಂಚು ಹೊರಬಂದಿತ್ತು, ಬಿಲ್ಲೆಯನ್ನು ಅಲ್ಲಿ ಬೆಸೆದೆ. ಬೆಸೆಯುವಾಗ ಪೈಪ್ ಕೆಳಗಿತ್ತು, ಸ್ಪ್ರಿಂಗ್ ಎಲ್ಲ ಹೊರಗಿತ್ತು. ಬ್ರಾಕೆಟ್‌ಗೆ ಒಂದು ದಪ್ಪ ಕಬ್ಬಿಣದ ತುಂಡನ್ನು ತಡೆಯಾಗಿ ಬೆಸೆದೆ. 16 ಎಂಎಂ ಸರಳಿನ ಎರಡು ಪಿನ್ ಮಾಡಿದೆ. ಬಿಲ್ಲೆಯ ತೂತಿನಲ್ಲಿ ಕೂತ ಪಿನ್ ಹಿಂದಕ್ಕೆ ತಿರುಗಿದರೆ ಆ ತಡೆಗೆ ಬಂದು ನಿಲ್ಲುತ್ತದೆ. ಒಂದು ಪಿನ್ ತಡೆಗೆ ಕೂತಿರುತ್ತದೆ. ರೆಂಚಿನಲ್ಲಿ ಮುಂದಕ್ಕೆ ತಿರುಗಿಸಿದರೆ ಅದರ ಹಿಂದಿನ ಖಾಲಿ ತೂತು ತಡೆಯನ್ನು ದಾಟುತ್ತದೆ. ಅಲ್ಲಿಗೆ ಎರಡನೇ ಪಿನ್. ಆಮೇಲಷ್ಟೇ ಮೊದಲನೆಯದನ್ನು ತೆಗೆಯೋದು. ಬಿಗಿ ಇಳಿಸುವಾಗ ಇದೇ ಉಲ್ಟಾ. ಮಧ್ಯದಲ್ಲಿ ರೆಂಚ್ ಜಾರಿದರೂ ಪೈಪ್ ಹೆಚ್ಚೆಂದರೆ ಸುತ್ತಿನ ಎಂಟರಲ್ಲಿ ಒಂದು ಪಾಲು ಹಿಂದೆ ಹೋಗಿ ಟಕ್ ಅಂತ ನಿಲ್ಲುತ್ತದೆ. ಬೇಕೆಂದೇ ಒಂದು ಸಲ ರೆಂಚ್ ಬಿಟ್ಟು ನೋಡಿದೆ, ಪಕ್ಕಕ್ಕೆ ನಿಂತುಕೊಂಡು. ನಿಂತಿತು.

"ಸಾರ್, ಬಿಲ್ಲೆ ಕಿತ್ತುಬರುತ್ತೆ, ಇಲ್ಲಾ ಪೈಪೇ ತಿರುಚಿಕೊಳ್ಳುತ್ತೆ" ಅಂದ ವೆಲ್ಡರ್. "ಭಾವ, ಹನ್ನೊಂದು ಸಾವಿರ ಬಿಸಾಕಿ ಸುಮ್ನೆ ಮಾಡಿಸಿ" ಅಂದ ಭಾಮೈದ. ನಾನು ಲೆಕ್ಕ ಹಾಕಿದ್ದೆ. ಷಟರ್ ಮೇಲಿದ್ದಾಗ ಎರಡು ಅಡಿ ರೆಂಚಿನ ತುದಿಯಲ್ಲಿ ಬರುವ ಬಲ ಹತ್ತು ಕೆಜಿಯ ಒಳಗೆ. ಕೆಳಗಿದ್ದಾಗ ಇಪ್ಪತ್ತರ ಹತ್ತಿರ. 16 ಎಂಎಂ ಪಿನ್ನಿಗೆ ಅದು ಏನೂ ಅಲ್ಲ.

ಪಿನ್ ಸಿದ್ಧವಾದ ಮೇಲೂ ಒಂದು ಸ್ಪ್ರಿಂಗ್ ಹಾಳು ಮಾಡಿದೆ. ಕೆಳಗೆ ನಿಂತಿದ್ದ ಪಟ್ಟಿಗಳನ್ನು ವೀಲ್‌ಗೆ ಬೋಲ್ಟ್ ಹಾಕಿ, ಪೈಪಿನ ಕ್ಲಾಂಪ್ ಬಿಗಿ ಮಾಡಿ, ಷಟರ್ ಮೇಲಕ್ಕೆ ಸುತ್ತಿಸಿದೆ. ಬಿಗಿ ಇಲ್ಲದ ಸ್ಪ್ರಿಂಗ್ ಹೀಗೆ ಉಲ್ಟಾ ಬಿಚ್ಚಿಕೊಳ್ಳುತ್ತದೆ. ಒಂದರ ಕೊಕ್ಕೆ ಕಳಚಿ ಸುರುಳಿ ಸೊಟ್ಟಗಾಯಿತು, 650 ರೂಪಾಯಿ ಹೋಯಿತು. ಕ್ಲಾಂಪ್ ಸಡಿಲ ಇಟ್ಟು, ಪೈಪ್ ಸಮೇತ ಚಾಪೆ ಸುತ್ತಿದ ಹಾಗೆ ಸುತ್ತಿಸಬೇಕು. ಮೇಲೆ ಹೋದ ಮೇಲೆ ಸುತ್ತಿಕೊಂಡ ಷಟರಿಗೆ ಮೂರು ಕಡೆ ಹಗ್ಗ ಕಟ್ಟಿ, ಅದರ ಕೆಳಗಿನ ಪ್ಲೇಟಿಗೆ ಎರಡು ಕಡೆ ಸಿಲ್ವರ್ ಓಕ್ ಕೋಲಿನ ಆಸರೆ ಕೊಟ್ಟು, ಆಮೇಲೆ ಬಿಗಿ ಕೊಡಬೇಕು. ದಿಕ್ಕು, ಷಟರ್ ಸುತ್ತಿಕೊಳ್ಳುವ ದಿಕ್ಕೇ. ಸ್ಪ್ರಿಂಗ್ ಬಿಗಿಯಾದಂತೆ ಸುರುಳಿ ಸಣ್ಣದಾಗಬೇಕು. ದೊಡ್ಡದಾದರೆ ಅದನ್ನು ತಿರುಗುಮುರುಗು ಹಾಕಿದ್ದೀರಿ. ಪ್ರತಿ ಸುತ್ತಿಗೂ ಅದರ ಉದ್ದ ಒಂದು ತಂತಿ ದಪ್ಪದಷ್ಟು ಬೆಳೆಯುತ್ತದೆ, ವೀಲ್ ಒಳಗೆ ಅಷ್ಟು ಜಾಗ ಬಿಡಿ.

ಕೊಕ್ಕೆ ಮತ್ತೆ ಕಳಚದ ಹಾಗೆ ಅದರ ತುದಿಗೆ ನಾನು ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಎಷ್ಟು ಬಿಗಿ ಸರಿ ಅಂತ ತಿಳಿಯಲು ನನ್ನ ಹತ್ತಿರ ಒಳ್ಳೆ ಉಪಾಯ ಇದೆ. ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ. ಕಾಫಿ ಕೊಯ್ಲಿನಲ್ಲಿ ಸಂಜೆ ಹಣ್ಣು ತೂಗುವ ನೇತಾಡುವ ತಕ್ಕಡಿ ಎಲ್ಲರ ಮನೆಯಲ್ಲೂ ಇದೆ ಅಲ್ವಾ? ಅದರ ಕೆಳಗಿನ ಕೊಕ್ಕೆ ಷಟರಿನ ಹಿಡಿಗೆ, ಮೇಲಿನ ಕೊಕ್ಕೆಗೆ ಹಗ್ಗ, ಹಗ್ಗ ರಾಟೆಯ ಮೇಲೆ. ಮುಚ್ಚಿದ ಷಟರ್ ನೆಲ ಬಿಟ್ಟು ಏಳುವಾಗ ಎಷ್ಟು ತೋರಿಸುತ್ತದೆ ನೋಡಿ. ಒಂದು ಸ್ಪ್ರಿಂಗ್ ಮುರಿದಿದ್ದಾಗ 32 ಕೆಜಿ ಇತ್ತು. ಎರಡು ಹೋದಾಗ 55. ಹೊಸ ನಾಲ್ಕು ಹಾಕಿ 16 ತೂತು, ಅಂದರೆ 2 ಸುತ್ತು ಬಿಗಿ ಕೊಟ್ಟಾಗ 9 ಬಂತು. ಒಂದು ತೂತು ಜಾಸ್ತಿ ಮಾಡಿದರೆ 2 ಕೆಜಿ ಆಸುಪಾಸು ಇಳಿಯುತ್ತದೆ. ಹುಮ್ಮಸ್ಸಿನಲ್ಲಿ 21ರ ತನಕ ಹೋದೆ. ಬೀಗ ತೆಗೆದ ಕೂಡಲೇ ಷಟರ್ ತಾನೇ ಎದ್ದು ಮೇಲೆ ಹೋಗಿ ಬಡಿಯಿತು. ಮಕ್ಕಳ ಕೈ ಇದ್ದಿದ್ದರೆ ಏನಾಗುತ್ತಿತ್ತು ಅಂತ ಎದೆ ಧಸಕ್ಕೆಂದಿತು, ಕೂಡಲೇ ಇಳಿಸಿದೆ. ಈಗ 17 ತೂತಿಗೆ ನಿಲ್ಲಿಸಿದ್ದೇನೆ, 7 ಕೆಜಿ ತೋರಿಸುತ್ತದೆ. ಸ್ವಲ್ಪ ಭಾರ ಉಳಿದಿರಲೇಬೇಕು, ಆಗಲೇ ಷಟರ್ ಕೆಳಗೆ ಕೂರುತ್ತದೆ. ಕೆಲಸ ಮುಗಿದ ಮೇಲೆ ಎರಡೂ ಕಡೆ ಕ್ಲಾಂಪ್ ಪೂರ್ತಿ ಬಿಗಿದು, ಒಂದು ಪಿನ್ ಹಾಗೇ ಬಿಟ್ಟಿದ್ದೇನೆ.

ಎಣ್ಣೆಯ ವಿಷಯದಲ್ಲೂ ಸುಮಾರು ಆಟ ಆಡಿದ್ದೇನೆ. ಚಾನೆಲ್‌ಗೆ ಹಳೇ ಎಂಜಿನ್ ಆಯಿಲ್ ಹಚ್ಚಿದೆ. ಕಾಫಿ ಸಿಪ್ಪೆಯ ಧೂಳು ಕೂತು ಪಟ್ಟಿಯನ್ನೇ ಉಜ್ಜತೊಡಗಿತು. ಹೊಂಗೆ ಎಣ್ಣೆ ಎರಡು ತಿಂಗಳಿಗೆ ಅಂಟಾಯಿತು. ಕೊನೆಗೆ ಗೆದ್ದದ್ದು ಮೇಣದಬತ್ತಿ, ಎರಡು ಕಡ್ಡಿ ಮೇಣ ಉಜ್ಜಿದರೆ ಆರು ತಿಂಗಳು ಸದ್ದಿಲ್ಲ. ಸ್ಪ್ರಿಂಗಿಗೆ ಮಾತ್ರ ಗ್ರೀಸಿನ ಜೊತೆ ಬೇರೆ ಎರಡು ಸಾಮಾನು ಕಲಸಿ ಹಚ್ಚುತ್ತೇನೆ. ಆ ಅಳತೆಗೆ ಒಂದು ವರ್ಷ ಒದ್ದಾಡಿದ್ದೇನೆ, ನನ್ನಲ್ಲೇ ಇರಲಿ. ಗ್ರೀಸ್ ಒಂದನ್ನೇ ದಪ್ಪಗೆ ಹಚ್ಚಿದರೂ ಏನೂ ಹಚ್ಚದೇ ಇರುವುದಕ್ಕಿಂತ ಎಷ್ಟೋ ಮೇಲು.

ನೆನಪಿನಿಂದ ಹೇಳುವ ಲೆಕ್ಕ ಇದು. ನಾಲ್ಕು ಸ್ಪ್ರಿಂಗ್ 2,600, ಹಾಸನದಿಂದ ತಂದದ್ದು. ಪ್ಲೇಟ್, ಲೇತ್ ಕೂಲಿ 900. ಪಿನ್, ಬೋಲ್ಟ್, ಗ್ರೀಸ್ 500. ಒಟ್ಟು 4,000. ಬಾನೆಟ್, ವೆಲ್ಡಿಂಗ್, ಹಾಳಾದ ಸ್ಪ್ರಿಂಗ್‌ಗಳು, ಕಿತ್ತ ಲಾಕ್ ಸೇರಿ ಇನ್ನೊಂದು ಐದು ಸಾವಿರ ಹೋಯಿತು. 11,000ಕ್ಕೆ ಹೋಲಿಸಿದರೆ ಮೊದಲನೆಯದರಲ್ಲಿ ಉಳಿದದ್ದು ಕಮ್ಮಿ. ಕಾಫಿ ಗೋಡೌನಿನ ಎರಡನೇ ಷಟರ್ 3,700ಕ್ಕೆ ಮುಗಿಯಿತು. ನಾನು ಮತ್ತು ಇಬ್ಬರು ಆಳು, ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನದ ಊಟದ ಹೊತ್ತಿಗೆ.

ಒಬ್ಬರೇ ಈ ಕೆಲಸಕ್ಕೆ ಕೈಹಾಕಬೇಡಿ. ರೆಂಚ್ ತಿರುಗುವ ಸುತ್ತಿನೊಳಗೆ ತಲೆ ಇಡಬೇಡಿ, ಏಣಿಯನ್ನು ಪಕ್ಕಕ್ಕೇ ಹಾಕಿ. ಹಳೇ ಬಿಗಿ ಇಳಿಸುವಾಗ ಬಿಲ್ಲೆ ಇನ್ನೂ ಇರುವುದಿಲ್ಲ. ಅದೊಂದು ಸಲ ಎರಡು ರೆಂಚ್, ಇಬ್ಬರು ಜನ ಬೇಕು. ಒಬ್ಬ ಹಿಡಿದಿರುವಾಗ ಇನ್ನೊಬ್ಬ ಬದಲಾಯಿಸಬೇಕು. ಪೈಪಿನ ತುಕ್ಕನ್ನು ಮೊದಲೇ ಬ್ರಷ್‌ನಲ್ಲಿ ಉಜ್ಜಿ. ಎಷ್ಟು ಸುತ್ತು ಇಳಿಯಿತು ಅಂತ ಸುಣ್ಣದ ಕಡ್ಡಿಯಲ್ಲಿ ಗೆರೆ ಹಾಕಿ ಎಣಿಸಿದರೆ ಹೊಸದಕ್ಕೆ ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಾಗುತ್ತದೆ. ಗೇರ್ ಇರುವ ದೊಡ್ಡ ಷಟರ್ ನಾನು ಮುಟ್ಟಿಲ್ಲ, ಅದನ್ನು ಮಾಡುವವರಿಗೇ ಬಿಡಿ.

ಹೋದ ವಾರ ಭಾಮೈದ ಫೋನ್ ಮಾಡಿದ್ದ. "ಭಾವ, ನಮ್ಮ ಷಟರೂ ಏಳ್ತಾ ಇಲ್ಲ, ಆ ಬಿಲ್ಲೆ ಒಂದು ಮಾಡಿಸಿಬಿಡಿ" ಅಂದ. ಬ್ರಾಕೆಟ್ ಆಚೆಗೆ ಪೈಪ್ ಎಷ್ಟು ಇಂಚು ಬಂದಿದೆ ಅಳೆದು ಹೇಳು ಅಂದಿದ್ದೇನೆ. ಗೋಡೆಗೆ ಒತ್ತಿಕೊಂಡಿದ್ದರೆ ಬೇರೆ ಪೈಪ್ ತುಂಡು ಜೋಡಿಸಿ ಉದ್ದ ಮಾಡಬೇಕಾಗುತ್ತದೆ. ಅವನ ಅಳತೆ ಇನ್ನೂ ಬಂದಿಲ್ಲ. ಪ್ಲೇಟ್ ಮಾತ್ರ ಕತ್ತರಿಸಿ ಇಟ್ಟಿದ್ದೇನೆ.