ಬಿಷಪ್ ಎಚ್3: ಹಳೆ ಲ್ಯಾಪ್‌ಟಾಪಿನಲ್ಲೇ ಆಯಿತು

ಚೆಸ್‌ನ ಹೆಸರಾಂತ ನಡೆ ಬಿಷಪ್ ಎಚ್3ನ್ನು ಕಂಪ್ಯೂಟರಿನಿಂದ ಹುಡುಕಿಸುವುದು ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗುವ ಹೋಗುವ ಮಾತಲ್ಲ ಎಂದು ಬದಿಯಡ್ಕ, ಕುಂಬಳೆ ಕಡೆಯ ಆಟಗಾರರು ಹೇಳುತ್ತಲೇ ಇದ್ದರು. ಎಂಟು ಜಿಬಿ ರ್‍ಯಾಮ್‌ನ ಹಳೆ ಲ್ಯಾಪ್‌ಟಾಪಿನಲ್ಲೇ ಆಯಿತು ಮಾರಾಯ್ರೆ.

ಆಟ ನಿಮಗೆ ಗೊತ್ತಿರುವುದೇ: ಟೊಪಾಲೊವ್ (ಬಿಳಿ)–ಶಿರೊವ್ (ಕಪ್ಪು), ಸ್ಪೇನಿನ ಲಿನಾರೆಸ್ ಟೂರ್ನಮೆಂಟ್ 1998, ಕಪ್ಪಿನ 47ನೇ ನಡೆ. ಬಿಳಿ: ರಾಜ ಜಿ1, ಬಿಷಪ್ ಸಿ3, ಕಾಲಾಳು ಜಿ2, ಎಚ್4. ಕಪ್ಪು: ರಾಜ ಇ6, ಬಿಷಪ್ ಎಫ್5, ಕಾಲಾಳು ಎ4, ಡಿ5, ಎಫ್6, ಜಿ6. ಶಿರೊವ್ ಬಿಷಪ್ಪನ್ನು ಎಚ್3ರಲ್ಲಿ ಬಿಟ್ಟುಕೊಟ್ಟರು. ಸಿಕ್ಕಿದ್ದು ಒಂದು ಟೆಂಪೊ (ಒಂದು ನಡೆಯ ಉಳಿತಾಯ), ರಾಜನಿಗೆ ಎಫ್5ರಿಂದ ಇ4ಕ್ಕೆ ದಾರಿ.

ದುಡ್ಡು ದಂಡವಾದದ್ದು ಟೇಬಲ್‌ಬೇಸಿಗೆ, ಅಂದರೆ ಕೆಲವೇ ಕಾಯಿ ಉಳಿದ ಸ್ಥಾನಗಳ ಫಲಿತಾಂಶವನ್ನು ಮೊದಲೇ ಲೆಕ್ಕ ಹಾಕಿಟ್ಟ ಕಡತಗಳಿಗೆ. ಅಂಥದ್ದೊಂದಾದ ಸಿಝಿಜಿ ಆರು ಕಾಯಿಗಳವರೆಗೆ ಸುಮಾರು 150 ಜಿಬಿ. ಅದಕ್ಕೆಂದು ಎರಡು ಸಾವಿರದ ಆಸುಪಾಸು ಕೊಟ್ಟು ಎಸ್‌ಎಸ್‌ಡಿ ಹಾಕಿಸಿದೆ. ಆದರೆ ಬೋರ್ಡಿನಲ್ಲಿರುವುದು ಹತ್ತು ಕಾಯಿ. 53ನೇ ನಡೆಗೂ ಎಂಟು ಉಳಿದಿರುತ್ತವೆ. ಗ್ರಾಫಿಕ್ಸ್ ಕಾರ್ಡ್ ಇದ್ದರೇ ಚುರುಕಾಗುವ ಚೆಸ್ ಎಂಜಿನ್ (ನಡೆ ಲೆಕ್ಕ ಹಾಕುವ ಪ್ರೋಗ್ರಾಂ) ಲೀಲಾವನ್ನೂ ಓಡಿಸಿದೆ. ಬರೀ ಸಿಪಿಯುವಿನಲ್ಲಿ ಸೆಕೆಂಡಿಗೆ ನೂರರ ಲೆಕ್ಕದ ನೋಡ್‌ಗಳು (ಪರಿಶೀಲಿಸುವ ಸ್ಥಾನಗಳು), ಫ್ಯಾನಿನ ಸದ್ದು ಮಾತ್ರ ಜೋರು.

ಕೆಲಸ ಕೊಟ್ಟದ್ದು ಸ್ಟಾಕ್‌ಫಿಶ್ ಎಂಬ ಇನ್ನೊಂದು ಎಂಜಿನ್. ನಾಲ್ಕು ಕೋರ್‌ನಲ್ಲಿ ಮೂರು ಥ್ರೆಡ್, ಹ್ಯಾಶ್ (ಎಂಜಿನ್ ಲೆಕ್ಕ ಹಾಕಿದ್ದನ್ನು ನೆನಪಿಟ್ಟುಕೊಳ್ಳುವ ರ್‍ಯಾಮ್ ಜಾಗ) 4096 ಎಂಬಿ. ನಾಲ್ಕನೆಯದನ್ನೂ ಕೊಟ್ಟರೆ ಏಪ್ರಿಲ್‌ನ ಸೆಕೆಗೆ ಯಂತ್ರ ಬಿಸಿಯಾಗಿ ವೇಗ ಇಳಿಯುತ್ತದೆ. ಮಲ್ಟಿಪಿವಿ (ಎಷ್ಟು ಒಳ್ಳೆಯ ನಡೆಗಳನ್ನು ಒಟ್ಟಿಗೆ ತೋರಿಸಬೇಕು ಎಂಬ ಸೆಟ್ಟಿಂಗ್) 5 ಇಟ್ಟು ಎಚ್3 ಪಟ್ಟಿಗೆ ಬರುತ್ತದೆಯೇ ನೋಡಿ, ಮತ್ತೆ 1ಕ್ಕೆ ತನ್ನಿ. ಐದು ಸಾಲು ಹಾಗೇ ಬಿಟ್ಟರೆ ಆಳ ಸಿಕ್ಕುವುದಿಲ್ಲ. ಆಮೇಲೆ ನಡೆಗಳನ್ನು ಕೈಯಾರೆ ಆಡಿಸಿ: ಜಿ ಕಾಲಾಳು ಎಚ್3 ಹೊಡೆತ, ರಾಜ ಎಫ್5, ರಾಜ ಎಫ್2, ರಾಜ ಇ4, ಬಿಷಪ್ ಎಫ್6 ಹೊಡೆತ, ಡಿ4, ಹೀಗೆ ಕಪ್ಪು ರಾಜ ಬಿ3ಕ್ಕೆ ಬರುವವರೆಗೆ. ಅಲ್ಲಿ ಯಾರು ಎಷ್ಟು ಮುಂದಿದ್ದಾರೆ ಎಂದು ಎಂಜಿನ್ ಕೊಡುವ ಅಂಕ ಜಿಗಿಯುವ ತನಕ ಕಾಯಿರಿ. ಮತ್ತೆ ಒಂದೊಂದೇ ನಡೆ ಹಿಂದೆ. ಪ್ರತಿ ಮೆಟ್ಟಿಲಿನಲ್ಲೂ ಅಂಕ ಏರಿಳಿತ ನಿಲ್ಲಿಸುವ ತನಕ ನಿಲ್ಲಿ. ಬಿಳಿ 48ರಲ್ಲಿ ರಾಜ ಎಫ್2 ಆಡಿದರೆ ಏನು ಎಂಬ ಕೊಂಬೆಯನ್ನು ಬಿಡಬಾರದು: ರಾಜ ಎಫ್5, ರಾಜ ಎಫ್3, ಬಿಷಪ್ ಜಿ2 ಹೊಡೆತ, ರಾಜ ಹೊಡೆತ, ರಾಜ ಇ4. ಮೂಲ ಸ್ಥಾನಕ್ಕೆ ಬಂದಾಗ ಎಚ್3 ಮೊದಲ ಸಾಲಿನಲ್ಲಿ ಗಟ್ಟಿಯಾಗಿ ಕೂತಿತ್ತು. ಒಟ್ಟು ಮುಕ್ಕಾಲು ಗಂಟೆ ಹಿಡಿದಿರಬಹುದು.

ಇದೆಲ್ಲ ನಿಂತಿರುವುದು ಹ್ಯಾಶಿನ ಮೇಲೆ. ನಡುವೆ ಹ್ಯಾಶ್ ಗಾತ್ರ ಬದಲಿಸಿದರೆ, ಅಥವಾ ಪ್ರೋಗ್ರಾಂ ‘ಹೊಸ ಆಟ’ ಎಂದು ಎಂಜಿನ್ನಿಗೆ ಹೇಳಿದರೆ ಎಲ್ಲ ಅಳಿಸಿ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೂ ಅಷ್ಟೇ. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದರೆ ಯುಪಿಎಸ್ ಬೇಕೇ ಬೇಕು.

ಯಾವ ಮೆಟ್ಟಿಲಿನಲ್ಲಿ ಎಷ್ಟು ಹೊತ್ತು ನಿಂತರೆ ಸಾಕು ಎಂಬುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಈಗ ಬರೆಯುವುದಿಲ್ಲ, ಮುಂದಿನ ಟೂರ್ನಮೆಂಟಿನಲ್ಲಿ ನೀವೂ ಬರುತ್ತೀರಲ್ಲ.