ಎಕ್ಸ್‌ಪ್ರೆಸ್ ಕೊರಿಯರ್ ಆರಿಸುವ ಮೊದಲು ನಿಮ್ಮ ಡಬ್ಬಿಯನ್ನು ಅಳೆಯಿರಿ

ಹೋದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಹಲಸಿನ ಹಪ್ಪಳ ಮಾರಲು ಶುರು ಮಾಡಿ ಎರಡು ತಿಂಗಳಾಗಿತ್ತು. ಆರ್ಡರ್ ಚೆನ್ನಾಗಿಯೇ ಬರುತ್ತಿತ್ತು. ಆದರೆ ಕೊರಿಯರ್ ಬಿಲ್ ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಬಿಲ್ ತರಿಸಿ ನೋಡಿದೆ. ಆರುನೂರೈವತ್ತು ಗ್ರಾಂ ಪಾರ್ಸೆಲ್‌ಗೆ ಎರಡೂವರೆ ಕೆಜಿ ದುಡ್ಡು ಕಟ್ಟುತ್ತಿದ್ದಳು. ಒಂದೆರಡು ಸಲ ಅಲ್ಲ, ಪ್ರತಿ ಸಲ.

ನಾನು ಶಿರಸಿ ಹತ್ತಿರದ ಹಳ್ಳಿಯಿಂದ ಆರು ವರ್ಷದಿಂದ ಉಪ್ಪಿನಕಾಯಿ, ಜೋನಿಬೆಲ್ಲ (ನೀರಾದ ಬೆಲ್ಲ), ತೊಡೆದೇವು (ಕಾಗದದಂಥ ತೆಳು ಸಿಹಿತಿಂಡಿ) ಕಳಿಸುತ್ತಿದ್ದೇನೆ. ಹೊಸದಾಗಿ ಶುರು ಮಾಡಿದವರೆಲ್ಲ ಮೊದಲು ಕೇಳುವುದು ಒಂದೇ, ‘ಯಾವ ಕೊರಿಯರ್ ಬೆಸ್ಟ್?’ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಹಲವಿವೆ.

ಮೊದಲ ಹೆಜ್ಜೆ: ನಿಜವಾಗಿ ಎಕ್ಸ್‌ಪ್ರೆಸ್ ಬೇಕಾ?

ಎಕ್ಸ್‌ಪ್ರೆಸ್ ಅಥವಾ ಏರ್ ಅಂದರೆ ಪಾರ್ಸೆಲ್ ದಾರಿಯಲ್ಲಿ ಎಲ್ಲೋ ಒಂದು ಕಡೆ ವಿಮಾನ ಹತ್ತುತ್ತದೆ ಎಂದರ್ಥ. ಸರ್ಫೇಸ್ ಅಂದರೆ ಪೂರ್ತಿ ರಸ್ತೆ. ಶಿರಸಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್, ರಾತ್ರಿ ಗಾಡಿ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತದೆ. ಈ ದಾರಿಗೆ ಏರ್ ರೇಟ್ ಕೊಟ್ಟರೂ ಪಾರ್ಸೆಲ್ ಹೋಗುವುದು ಅದೇ ಲಾರಿಯಲ್ಲಿ. ಬ್ಲೂ ಡಾರ್ಟ್‌ಗೆ ಸ್ವಂತ ಸರಕು ವಿಮಾನಗಳಿವೆ, ನಿಜ. ಆದರೆ ಶಿರಸಿಯ ಡಬ್ಬಿ ಮೊದಲು ರಸ್ತೆಯಲ್ಲೇ ಬೆಂಗಳೂರು ಕಡೆ ಹೋಗಬೇಕಲ್ವಾ? ಹಾಗಾಗಿ ಕರ್ನಾಟಕದ ಒಳಗೆ, ಅಂದರೆ 56ರಿಂದ 59ರವರೆಗಿನ ಅಂಕಿಯಿಂದ ಶುರುವಾಗುವ ಪಿನ್‌ಕೋಡ್‌ಗಳಿಗೆ, ಏರ್ ಆರಿಸಬೇಡಿ. ದೆಹಲಿ, ಕೋಲ್ಕತ್ತ, ಗುವಾಹಟಿಗಾದರೆ ಆರಿಸಿ. ಅಲ್ಲಿಗೆ ಹೋಗುವಾಗ ಎರಡು ಮೂರು ದಿನದ ವ್ಯತ್ಯಾಸ ಖಂಡಿತ ಬರುತ್ತದೆ.

ಬೆಂಗಳೂರಿನ ಒಬ್ಬರೇ ಗಿರಾಕಿ ಮದುವೆಗೆಂದು ಐವತ್ತು ಬಾಟಲಿ ಕೇಳಿದರೆ ನಾನು ಕೊರಿಯರ್ ಹತ್ತಿರವೇ ಹೋಗುವುದಿಲ್ಲ. ಕೆಎಸ್‌ಆರ್‌ಟಿಸಿ 2021ರಲ್ಲಿ ಶುರು ಮಾಡಿದ ‘ನಮ್ಮ ಕಾರ್ಗೋ’ ಎಂಬ ಪಾರ್ಸೆಲ್ ಸೇವೆ ಇದೆ. ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟರೆ ಅವರು ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳುತ್ತಾರೆ. ಮನೆ ಬಾಗಿಲಿಗೆ ಬರುವುದಿಲ್ಲ ಎಂದು ಗಿರಾಕಿಗೆ ಮೊದಲೇ ಹೇಳಿಬಿಡಿ.

ಎರಡನೇ ಹೆಜ್ಜೆ: ಡಬ್ಬಿಯ ತೂಕ ಅಲ್ಲ, ಗಾತ್ರ

ಎಲ್ಲರೂ ಸೋಲುವುದು ಇಲ್ಲಿ. ನಿಧಾನಕ್ಕೆ ಓದಿ.

ಕೊರಿಯರ್‌ನವರಿಗೆ ಎರಡು ತೂಕ ಇವೆ. ಒಂದು ತಕ್ಕಡಿಯ ತೂಕ. ಇನ್ನೊಂದು ವಾಲ್ಯುಮೆಟ್ರಿಕ್ ತೂಕ, ಅಂದರೆ ಡಬ್ಬಿ ಗಾಡಿಯಲ್ಲಿ ಹಿಡಿಯುವ ಜಾಗದ ಲೆಕ್ಕ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದೇ ಅದು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಆಮೇಲೆ ಅದನ್ನು ಮುಂದಿನ ಸ್ಲ್ಯಾಬ್‌ಗೆ ಏರಿಸುತ್ತಾರೆ. ಸ್ಲ್ಯಾಬ್ ಸಾಮಾನ್ಯವಾಗಿ ಅರ್ಧ ಅರ್ಧ ಕೆಜಿ.

ತಂಗಿಯ ಡಬ್ಬಿಯನ್ನೇ ತೆಗೆದುಕೊಳ್ಳಿ. ಅವಳು ಪೇಟೆಯಲ್ಲಿ ಸಿಕ್ಕಿದ 30×25×15ರ ಡಬ್ಬಿ ತಂದಿದ್ದಳು. ಗುಣಿಸಿದರೆ 11,250. 5000ದಿಂದ ಭಾಗಿಸಿದರೆ 2.25 ಕೆಜಿ. ಸ್ಲ್ಯಾಬ್ ಏರಿ ಎರಡೂವರೆ ಕೆಜಿ. ಒಳಗೆ ಇಪ್ಪತ್ತೈದು ಹಪ್ಪಳದ ಎರಡು ಕಟ್ಟು, ಉಳಿದ ಜಾಗಕ್ಕೆಲ್ಲ ಮುದ್ದೆ ಮಾಡಿದ ಪೇಪರ್. ಅದೇ ಎರಡು ಕಟ್ಟನ್ನು ನಾವು 20×20×8ರ ಡಬ್ಬಿಗೆ ಹಾಕಿದೆವು. 3200 ಭಾಗಿಸು 5000, 0.64 ಕೆಜಿ. ತಕ್ಕಡಿಯಲ್ಲೂ 650 ಗ್ರಾಂ. ಬಿಲ್ ಒಂದು ಕೆಜಿಗೆ ಬಂತು. ಹಪ್ಪಳ ಅದೇ, ಊರು ಅದೇ, ಕಂಪನಿಯೂ ಅದೇ.

ಇನ್ನೂ ಎರಡು ಮಾತು ಇವೆ. ಒಂದು, ಎಲ್ಲರೂ 5000ದಿಂದಲೇ ಭಾಗಿಸುವುದಿಲ್ಲ. ಕೆಲವರು 4000 ಇಟ್ಟುಕೊಂಡಿರುತ್ತಾರೆ. ಆಗ ಮೇಲಿನ ದೊಡ್ಡ ಡಬ್ಬಿ 2.81 ಆಗಿ ಮೂರು ಕೆಜಿಗೆ ಹೋಗುತ್ತದೆ. ರೇಟ್ ಕಾರ್ಡಿನಲ್ಲಿ ದರ ಕಡಿಮೆ ಕಂಡರೆ ಮೊದಲು ‘ಎಷ್ಟರಿಂದ ಭಾಗಿಸುತ್ತೀರಿ’ ಎಂದು ಕೇಳಿ. ಬಾಯಲ್ಲಿ ಹೇಳಿದರೆ ಸಾಲದು, ಮೇಲ್ ಅಥವಾ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಎರಡು, ಡಬ್ಬಿಯ ಹೊಟ್ಟೆ. ಅಂಗಡಿಯವರು ಹೇಳುವ ಅಳತೆ ಖಾಲಿ ಡಬ್ಬಿಯದು. ತುಂಬಿ ಟೇಪ್ ಹಾಕಿದ ಮೇಲೆ ಮಧ್ಯದಲ್ಲಿ ಉಬ್ಬುತ್ತದೆ. ಹಬ್‌ನ, ಅಂದರೆ ಪಾರ್ಸೆಲ್ ವಿಂಗಡಿಸುವ ಕೇಂದ್ರದ, ಯಂತ್ರ ಅಳೆಯುವುದು ಉಬ್ಬಿದ ಜಾಗವನ್ನೇ. 20×20×8 ಉಬ್ಬಿ 22×22×11 ಆಯಿತು ಅಂದುಕೊಳ್ಳಿ. 5324 ಭಾಗಿಸು 5000, 1.06 ಕೆಜಿ. ಅರವತ್ತು ಗ್ರಾಂ ಗಾಳಿಗೆ ನೀವು ಒಂದೂವರೆ ಕೆಜಿ ಸ್ಲ್ಯಾಬ್ ಕಟ್ಟಿದ ಹಾಗಾಯಿತು. ಆದ್ದರಿಂದ ಟೇಪ್ ಹಾಕಿದ ಮೇಲೆ, ಹೊಟ್ಟೆ ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ಅಳೆಯಿರಿ. ಬಟ್ಟೆ ಹೊಲಿಯುವವರ ಅಳತೆ ಟೇಪ್ ಡಬ್ಬಿಯ ಮೈಗೆ ಬಾಗಿ ತಪ್ಪು ತೋರಿಸುತ್ತದೆ. ಗಟ್ಟಿ ಸ್ಕೇಲ್ ಇಟ್ಟುಕೊಳ್ಳಿ.

ಅಳೆದ ಮೇಲೆ ಫೋಟೋ. ಮೂರು ಬದಿಗೂ ಸ್ಕೇಲ್ ಹಿಡಿದು ಮೂರು ಫೋಟೋ, ತಕ್ಕಡಿಯ ಮೇಲೆ ಇಟ್ಟು ಒಂದು. ನಾಲ್ಕರಲ್ಲೂ ಲೇಬಲ್‌ನ ನಂಬರ್ ಕಾಣಬೇಕು. ತೂಕ ಜಾಸ್ತಿ ಹಾಕಿದರೆ ತಕರಾರು ಹೇಳಲು ಸಾಮಾನ್ಯವಾಗಿ ಒಂದು ವಾರ, ಕೆಲವು ಕಡೆ ಅದಕ್ಕಿಂತ ಕಡಿಮೆ ಸಮಯ ಇರುತ್ತದೆ. ಆ ದಿನ ಕಳೆದರೆ ನೀವು ಮುಂಗಡವಾಗಿ ದುಡ್ಡು ಹಾಕಿಟ್ಟ ವಾಲೆಟ್‌ನಿಂದ ದುಡ್ಡು ತಾನೇ ಹೋಗುತ್ತದೆ. ನನಗೆ ಮೊದಲ ವರ್ಷ ಒಂದು ಕಂಪನಿ ಹನ್ನೊಂದು ಪಾರ್ಸೆಲ್‌ಗೆ ಹೀಗೆ ಹಾಕಿತ್ತು. ಫೋಟೋ ಇದ್ದದ್ದು ಎರಡಕ್ಕೆ ಮಾತ್ರ. ವಾಪಸ್ ಬಂದದ್ದೂ ಆ ಎರಡರ ದುಡ್ಡು ಮಾತ್ರ.

ಡಬ್ಬಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಹಳೆ ಡಬ್ಬಿಯನ್ನು ಮತ್ತೆ ಬಳಸುವುದಾದರೆ ಹಳೆ ಬಾರ್‌ಕೋಡ್ ಪೂರ್ತಿ ಕಿತ್ತು ತೆಗೆಯಿರಿ. ಯಂತ್ರ ಹಳೆಯದನ್ನು ಓದಿದರೆ ಡಬ್ಬಿ ಎಲ್ಲಿಗೋ ಹೋಗುತ್ತದೆ. ಲೇಬಲ್ ಅನ್ನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆಯಬೇಡಿ. ನಮ್ಮ ಮಳೆಗಾಲದಲ್ಲಿ ಒಂದು ಹನಿ ಬಿದ್ದರೂ ವಿಳಾಸ ನೀಲಿ ನೀರಾಗುತ್ತದೆ. ತೆಗೆದರೂ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಬಾಟಲಿಗೆ ಮೂರು ಪದರದ ರಟ್ಟಿನ ಡಬ್ಬಿ ಬೇಡ, ಐದು ಪದರದ್ದೇ ಇರಲಿ. ಜೋನಿಬೆಲ್ಲಕ್ಕೆ ಮುಚ್ಚಳದ ಕೆಳಗೆ ಸೀಲ್ ಹಾಕಿಸಿ, ಆಮೇಲೆ ಜಿಪ್ ಕವರ್‌ಗೆ ಹಾಕಿ. ಒಂದು ಡಬ್ಬಿ ಸೋರಿದರೆ ಆ ಚೀಲದಲ್ಲಿದ್ದ ಬೇರೆಯವರ ಸೀರೆಯೂ ಹಾಳು.

ಮೂರನೇ ಹೆಜ್ಜೆ: ಎರಡೂ ತುದಿಯ ಪಿನ್‌ಕೋಡ್ ನೋಡಿ

ಗಿರಾಕಿಯ ಪಿನ್‌ಕೋಡ್ ಎಲ್ಲರೂ ನೋಡುತ್ತಾರೆ. ನಿಮ್ಮ ಪಿನ್‌ಕೋಡ್‌ನಲ್ಲಿ ಎಕ್ಸ್‌ಪ್ರೆಸ್ ಪಿಕಪ್ ಇದೆಯಾ ಎಂದು ನೋಡುವವರು ಕಡಿಮೆ. ಶಿರಸಿ ಪೇಟೆಯ 581401ಕ್ಕೆ ಬರುವ ಗಾಡಿ ಹತ್ತು ಕಿಲೋಮೀಟರ್ ಆಚೆ ನಮ್ಮ ಹಳ್ಳಿಗೆ ಬರುತ್ತದೆ ಅಂತ ಇಲ್ಲ. ಆ ಕಡೆ ತುದಿಯಲ್ಲೂ ಹಾಗೆಯೇ. ‘ಓಡಿಎ’ ಎಂದು ಬರೆದಿದ್ದರೆ ಅದು ಅವರ ಡೆಲಿವರಿ ಪ್ರದೇಶದ ಹೊರಗಿನ ಜಾಗ. ಜಾಸ್ತಿ ದುಡ್ಡು ಕೇಳುತ್ತಾರೆ, ಇಲ್ಲವೇ ಗಿರಾಕಿಯೇ ತಾಲೂಕು ಕೇಂದ್ರಕ್ಕೆ ಬಂದು ತೆಗೆದುಕೊಳ್ಳಬೇಕು.

ಹಳ್ಳಿ ವಿಳಾಸ ಕಂಡ ಕೂಡಲೇ ನಾನು ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಎರಡನೇ ಯೋಚನೆ ಇಲ್ಲ. ಅಂಚೆಯಣ್ಣನಿಗೆ ಗೊತ್ತಿಲ್ಲದ ಮನೆ ಇಲ್ಲ. 2025ರ ಅಕ್ಟೋಬರ್ 1ರಿಂದ 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ಒಟಿಪಿ ಕೇಳಿಯೇ ಕೊಡುವ ವ್ಯವಸ್ಥೆಯೂ ಇದೆ. ಬೆಲೆಬಾಳುವ ವಸ್ತುವಿಗೆ ಅದನ್ನು ಬಿಡಬೇಡಿ.

ನಾಲ್ಕನೇ ಹೆಜ್ಜೆ: ಗಾಡಿ ಎಷ್ಟು ಗಂಟೆಗೆ ಹೊರಡುತ್ತದೆ?

ವೆಬ್‌ಸೈಟಿನಲ್ಲಿ ‘ಎರಡು ದಿನ’ ಎಂದಿರುತ್ತದೆ. ಆ ಎರಡು ದಿನ ಶುರುವಾಗುವುದು ನೀವು ಪಾರ್ಸೆಲ್ ಕೊಟ್ಟಾಗ ಅಲ್ಲ, ಅದು ಹಬ್ ಬಿಟ್ಟಾಗ. ಒಂದು ಶನಿವಾರ ಸಂಜೆ ಐದೂವರೆಗೆ ನಾನು ತೊಡೆದೇವಿನ ಮೂರು ಡಬ್ಬಿ ಕೊಟ್ಟೆ. ಪಿಕಪ್ ಹುಡುಗ ಸ್ಕ್ಯಾನ್ ಮಾಡಿ, ಗೋಣಿಚೀಲಕ್ಕೆ ಹಾಕುತ್ತಾ, ‘ಅಕ್ಕಾ, ಹುಬ್ಬಳ್ಳಿ ಗಾಡಿ ಐದಕ್ಕೇ ಹೋಯ್ತು. ನಾಳೆ ರಜೆ. ಇದು ಸೋಮವಾರದ್ದೇ’ ಅಂದ. ಏರ್ ರೇಟ್ ಕೊಟ್ಟಾಗಿತ್ತು. ಡಬ್ಬಿಗಳು ಸೋಮವಾರ ಸಂಜೆವರೆಗೆ ಶಿರಸಿಯಲ್ಲೇ ಕೂತವು. ಮುಂಬೈ ಮುಟ್ಟಿದ್ದು ಗುರುವಾರ. ಒಂದು ಡಬ್ಬಿಯಲ್ಲಿ ತೊಡೆದೇವು ಪೂರ್ತಿ ಪುಡಿಯಾಗಿತ್ತು.

ಅವತ್ತಿನಿಂದ ತಿನ್ನುವ ವಸ್ತುಗಳನ್ನು ಸೋಮವಾರದಿಂದ ಬುಧವಾರದ ಒಳಗೇ ಕಳಿಸುತ್ತೇನೆ. ಕಸ್ಟಮರ್ ಕೇರ್‌ಗೆ ಕೇಳಿ ಪ್ರಯೋಜನವಿಲ್ಲ. ಗಾಡಿಯ ಸಮಯ ಪಿಕಪ್ ಹುಡುಗನಿಗೆ ಗೊತ್ತು, ಅವನನ್ನೇ ಕೇಳಿ. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಮಾತಾಡಿಸಿ, ಹಬ್ಬದ ವಾರದಲ್ಲಿ ಯಾವ ದಾರಿ ಕಟ್ಟಿಕೊಂಡಿದೆ ಎಂದೂ ಹೇಳುತ್ತಾನೆ.

ಐದನೇ ಹೆಜ್ಜೆ: ವಿಮಾನ ಹತ್ತದ ವಸ್ತು ಕಳಿಸಬೇಡಿ. ಸೆಂಟ್, ನೇಲ್ ಪಾಲಿಶ್, ಪವರ್ ಬ್ಯಾಂಕ್ ಇವೆಲ್ಲ ತಪಾಸಣೆಯಲ್ಲಿ ನಿಲ್ಲುತ್ತವೆ. ಎಣ್ಣೆ, ಉಪ್ಪುನೀರಿನ ಉಪ್ಪಿನಕಾಯಿಗೆ ಒಂದೊಂದು ಕಂಪನಿಯದು ಒಂದೊಂದು ನಿಯಮ, ಮೊದಲೇ ಕೇಳಿ. ನಾನು ಬಾಟಲಿ ಉಪ್ಪಿನಕಾಯಿಯನ್ನು ಸರ್ಫೇಸ್‌ನಲ್ಲೇ ಕಳಿಸುತ್ತೇನೆ. ಅಪ್ಪೆಮಿಡಿಗೆ ನಾಲ್ಕು ದಿನ ತಡವಾದರೆ ಏನೂ ಆಗುವುದಿಲ್ಲ.

ಆರನೇ ಹೆಜ್ಜೆ: ಪೂರ್ತಿ ಖರ್ಚು ಕೂಡಿಸಿ ನೋಡಿ

ರೇಟ್ ಕಾರ್ಡಿನ ಮೊದಲ ಸಾಲು ನಂಬಬೇಡಿ. ಅದರ ಮೇಲೆ 18% ಜಿಎಸ್‌ಟಿ ಬರುತ್ತದೆ. ಕೆಲವರು ಇಂಧನದ ಹೆಚ್ಚುವರಿ ದರ ಸೇರಿಸುತ್ತಾರೆ. ಕ್ಯಾಶ್ ಆನ್ ಡೆಲಿವರಿಗೆ ಬೇರೆ. ಎಲ್ಲಕ್ಕಿಂತ ಕೆಟ್ಟದ್ದು ಆರ್‌ಟಿಒ, ಅಂದರೆ ‘ರಿಟರ್ನ್ ಟು ಒರಿಜಿನ್’. ಗಿರಾಕಿ ತೆಗೆದುಕೊಳ್ಳದೆ ಪಾರ್ಸೆಲ್ ವಾಪಸ್ ಬಂದರೆ ಹೋಗುವ ದುಡ್ಡೂ ನಿಮ್ಮದೇ, ಬರುವ ದುಡ್ಡೂ ನಿಮ್ಮದೇ. ಅದಕ್ಕೇ ಕ್ಯಾಶ್ ಆನ್ ಡೆಲಿವರಿ ಆರ್ಡರನ್ನು ಏರ್‌ನಲ್ಲಿ ಎಂದೂ ಕಳಿಸಬೇಡಿ. ಕಳಿಸಲೇಬೇಕೆಂದರೆ ಮೊದಲು ನೂರು ರೂಪಾಯಿ ಯುಪಿಐ ಮಾಡಿಸಿಕೊಳ್ಳಿ. ನಿಜವಾಗಿ ಬೇಕಾದವರು ಹಾಕುತ್ತಾರೆ.

ಶಿಪ್‌ರಾಕೆಟ್ ತರಹದ ಅಗ್ರಿಗೇಟರ್‌ಗಳಲ್ಲಿ ಹತ್ತಾರು ಕೊರಿಯರ್ ಒಂದೇ ಕಡೆ ಸಿಗುತ್ತವೆ. ದಿನಕ್ಕೆ ಹತ್ತು ಪಾರ್ಸೆಲ್ ಇರುವವರಿಗೆ ಅದೇ ಸರಿ. ಆದರೆ ‘ದೊಡ್ಡ ಮೊತ್ತ ರೀಚಾರ್ಜ್ ಮಾಡಿದರೆ ದರ ಕಡಿಮೆ’ ಎಂಬ ಆಸೆಗೆ ಬಿದ್ದು ವಾಲೆಟ್ ತುಂಬಬೇಡಿ. ಒಂದು ವಾರಕ್ಕೆ ಬೇಕಾದಷ್ಟು ಹಾಕಿ. ಹಾಗೆಯೇ ಯಾರೋ ಮೂರು ವರ್ಷದ ಹಿಂದೆ ಕೊಟ್ಟ ಸಲಹೆ ಈಗ ನಡೆಯುವುದಿಲ್ಲ. 2025ರಲ್ಲಿ ಇಕಾಂ ಎಕ್ಸ್‌ಪ್ರೆಸ್ ಎಂಬ ಕೊರಿಯರ್ ಕಂಪನಿಯನ್ನು ಡೆಲ್ಹಿವರಿ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡಿತು. ಹೀಗಾದಾಗ ಹಬ್‌ಗಳು, ಗಾಡಿಗಳು, ಪಿಕಪ್ ಹುಡುಗರು ಎಲ್ಲ ಬದಲಾಗುತ್ತಾರೆ.

ಕೊನೆಯ ಹೆಜ್ಜೆ: ನೀವೇ ಪರೀಕ್ಷೆ ಮಾಡಿ

ನೂರು ರಿವ್ಯೂ ಓದುವುದಕ್ಕಿಂತ ಆರು ಡಬ್ಬಿ ಕಳಿಸುವುದು ಮೇಲು. ಬೆಂಗಳೂರಿನ ಅಕ್ಕನಿಗೆ, ಪುಣೆಯ ಸೋದರಮಾವನಿಗೆ, ದೆಹಲಿಯ ಗೆಳತಿಗೆ ಒಂದೇ ದಿನ, ಎರಡೆರಡು ಕಂಪನಿಯಲ್ಲಿ. ಒಳಗೆ ಹಪ್ಪಳವನ್ನೇ ಹಾಕಿ, ಪುಡಿಯಾದರೆ ಗೊತ್ತಾಗಬೇಕು. ಡಬ್ಬಿ ಮುಟ್ಟಿದ ಕೂಡಲೇ ಆರೂ ಬದಿಯ ಫೋಟೋ ಕಳಿಸಲು ಹೇಳಿ. ಡೆಲಿವರಿಗೆ ಮೊದಲು ಫೋನ್ ಬಂತಾ, ಬಂದೇ ಇಲ್ಲದೆ ‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ಹಾಕಿದರಾ, ಅದನ್ನೂ ಕೇಳಿ.

ಅದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಪಿನ್‌ಕೋಡ್, ಕಂಪನಿ, ಕೊಟ್ಟ ದಿನ, ಮುಟ್ಟಿದ ದಿನ, ಹೇಳಿದ ತೂಕ, ಹಾಕಿದ ತೂಕ. ತಂಗಿ ಈಗ ಬರೆಯುತ್ತಿದ್ದಾಳೆ. ಮೊನ್ನೆ ಫೋಟೋ ಕಳಿಸಿದ್ದಳು. ಇಪ್ಪತ್ತಮೂರು ಸಾಲು, ಕೊನೆಯ ಎರಡು ಕಾಲಂನಲ್ಲಿ ಒಂದೇ ಅಂಕಿ. ಹದಿನಾರನೇ ಸಾಲಿನಲ್ಲಿ ಮಾತ್ರ ವ್ಯತ್ಯಾಸ ಇತ್ತು, ಅದರ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ಫೋಟೋ ಕಳಿಸಿದೆ, ದುಡ್ಡು ಬಂತು’ ಎಂದು ಬರೆದಿದ್ದಳು.