ವಿಂಡೋಸ್ 11ರಿಂದ ಮತ್ತೆ 10ಕ್ಕೆ ಮರಳುವುದು ಹೇಗೆ?

ವಿಂಡೋಸ್ 11 ಹಾಕಿದ ಮೇಲೆ ಲ್ಯಾಪ್‌ಟಾಪ್ ನಿಧಾನವಾಗಿದೆ, ಹಳೆಯ ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎನ್ನುವವರು ತುಂಬಾ ಜನ. ಹಿಂದಕ್ಕೆ ಹೋಗಲು ದಾರಿ ಇದೆ. ಯಾವ ದಾರಿ ಎನ್ನುವುದು ಅಪ್‌ಗ್ರೇಡ್ ಆಗಿ ಎಷ್ಟು ದಿನವಾಯಿತು ಎಂಬುದರ ಮೇಲೆ ನಿಂತಿದೆ.

ಹತ್ತು ದಿನ ಆಗಿಲ್ಲ ಅಂದರೆ ಕೆಲಸ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ರಿಕವರಿ ತೆರೆಯಿರಿ. ಅಲ್ಲಿರುವ 'ಗೋ ಬ್ಯಾಕ್' ಒತ್ತಿ. ನಿಮ್ಮ ಫೈಲ್‌ಗಳು ಹಾಗೇ ಇರುತ್ತವೆ, ಅಪ್‌ಗ್ರೇಡ್ ಆದ ಮೇಲೆ ಹಾಕಿಕೊಂಡ ಆ್ಯಪ್‌ಗಳು ಮಾತ್ರ ಹೋಗುತ್ತವೆ. ಹಳೆಯ ವಿಂಡೋಸ್ ಪೂರ್ತಿಯಾಗಿ 'ವಿಂಡೋಸ್ ಓಲ್ಡ್' ಎಂಬ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಜಾಗ ಸಾಲುತ್ತಿಲ್ಲ ಎಂದು ಅದನ್ನು ಅಳಿಸಿಬಿಟ್ಟರೆ ಈ ದಾರಿ ಮುಚ್ಚಿಹೋಗುತ್ತದೆ.

ಹತ್ತು ದಿನ ದಾಟಿದ್ದರೆ ವಿಂಡೋಸ್ 10 ಅನ್ನು ಹೊಸದಾಗಿಯೇ ಹಾಕಬೇಕು. ಮೊದಲು ಕಂಪ್ಯೂಟರ್ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್‌ಗೆ ವಿಂಡೋಸ್ 10ರ ಡ್ರೈವರ್ (ಯಂತ್ರದ ಬಿಡಿ ಭಾಗಗಳನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ತಂತ್ರಾಂಶ) ಇದೆಯಾ ನೋಡಿ. ತೀರಾ ಹೊಸ ಲ್ಯಾಪ್‌ಟಾಪ್‌ಗಳಿಗೆ ಇರುವುದಿಲ್ಲ. ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮುಂದಿನದು ಬ್ಯಾಕಪ್. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ಫೋಟೊ, ದಾಖಲೆಗಳನ್ನೆಲ್ಲ ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಿ, ಅಲ್ಲಿ ತೆರೆದು ನೋಡಿ. ಕನ್ನಡದಲ್ಲಿ ಕೆಲಸ ಮಾಡುವವರು ಫಾಂಟ್‌ಗಳನ್ನೂ ತೆಗೆದಿಟ್ಟುಕೊಳ್ಳಬೇಕು. ನಾನು ಒಮ್ಮೆ ಇದನ್ನು ಮರೆತಿದ್ದೆ. ಅಕ್ಕನ ಮದುವೆಯ ಲಗ್ನಪತ್ರಿಕೆಯ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ 'ನುಡಿ' ತಂತ್ರಾಂಶದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ, ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣುತ್ತದೆ. ಫಾಂಟ್ ಹುಡುಕಿ ಹಾಕಿದ ಮೇಲೆ ಸರಿಹೋಯಿತು, ಆದರೆ ಆ ಸಂಜೆ ಪಟ್ಟ ಆತಂಕ ಬೇರೆ ಯಾರಿಗೂ ಬೇಡ.

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಅದಿಲ್ಲದೆ ಡಿ ಡ್ರೈವ್ ತೆರೆಯದೇ ಹೋಗಬಹುದು.

ಈಗ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಮೈಕ್ರೋಸಾಫ್ಟ್ ಜಾಲತಾಣದಿಂದ ವಿಂಡೋಸ್ 10ರ 'ಮೀಡಿಯಾ ಕ್ರಿಯೇಷನ್ ಟೂಲ್' ಇಳಿಸಿಕೊಂಡು ಓಡಿಸಿದರೆ ಪೆನ್‌ಡ್ರೈವ್ ಅದೇ ಸಿದ್ಧ ಮಾಡಿಕೊಡುತ್ತದೆ. ಬೇರೆ ಕಡೆ ಸಿಗುವ ಕಾಪಿಗಳನ್ನು ನಂಬಬೇಡಿ.

ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಮತ್ತೆ ಆನ್ ಮಾಡಿ, ತಕ್ಷಣ ಬೂಟ್ ಮೆನು (ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿ) ಕೀ ಒತ್ತುತ್ತಾ ಇರಿ, ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪ್ರಾಡಕ್ಟ್ ಕೀ ಕೇಳಿದರೆ 'ನನ್ನ ಬಳಿ ಇಲ್ಲ' ಎಂಬ ಆಯ್ಕೆ ಒತ್ತಿ. ಮೊದಲು ಇದೇ ಯಂತ್ರದಲ್ಲಿ ಅಸಲಿ ವಿಂಡೋಸ್ 10 ಇದ್ದು, ಹೋಮ್ ಇದ್ದ ಕಡೆ ಹೋಮ್, ಪ್ರೊ ಇದ್ದ ಕಡೆ ಪ್ರೊ ಹಾಕಿದರೆ, ಇಂಟರ್‌ನೆಟ್ ಸಿಕ್ಕೊಡನೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

'ಕಸ್ಟಮ್' ಆರಿಸಿದಾಗ ಬರುವ ಪರದೆಯೇ ಎಲ್ಲಕ್ಕಿಂತ ಸೂಕ್ಷ್ಮ. ಅಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ. 'ಡ್ರೈವ್ 0 ಪಾರ್ಟಿಷನ್ 3' ಎಂಬಂಥ ಸಾಲುಗಳು, ಪಕ್ಕದಲ್ಲಿ ಎಷ್ಟು ಜಿಬಿ ಎಂಬ ಲೆಕ್ಕ, ಅಷ್ಟೇ. ಹಾಗಾಗಿ ಸಿ ಎಷ್ಟು ಜಿಬಿ, ಡಿ ಎಷ್ಟು ಜಿಬಿ ಎಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಿ ಯಾವುದೆಂದು ಖಚಿತವಾದ ಮೇಲೆ ಅದೊಂದನ್ನೇ ಫಾರ್ಮ್ಯಾಟ್ ಮಾಡಿ, ಅದನ್ನೇ ಆರಿಸಿ ಮುಂದೆ ಹೋಗಿ. ಪಟ್ಟಿಯೇ ಖಾಲಿ ಇದೆಯಾ? ಗಾಬರಿ ಬೇಡ. ಇಂಟೆಲ್‌ನ 11ನೇ ಪೀಳಿಗೆಯ ಮತ್ತು ನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತದೆ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು 'ಲೋಡ್ ಡ್ರೈವರ್' ಒತ್ತಿ ತೋರಿಸಿದರೆ ಡಿಸ್ಕ್ ಕಾಣುತ್ತದೆ.

ಇನ್‌ಸ್ಟಾಲ್ ಮುಗಿದ ಮೇಲೆ ಡ್ರೈವರ್, ಫಾಂಟ್, ಕನ್ನಡ ಕೀಬೋರ್ಡ್ ಹಾಕಿಕೊಳ್ಳಿ. ಹಳೆಯ ಕಡತಗಳಲ್ಲಿ ತುಂಗಾ ಫಾಂಟ್ ಬಳಸಿದ್ದರೆ, ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿದರೆ ಅದು ಬರುತ್ತದೆ.

ಕೊನೆಯದಾಗಿ ಸುರಕ್ಷತೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಅದಕ್ಕೆ ವಿಂಡೋಸ್ 10ರ 22ಎಚ್2 ಎಂಬ ಆವೃತ್ತಿ ಇರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಣಿಯ ಆಯ್ಕೆ ಕಂಡರೆ ಅದೇ ದಿನ ಮುಗಿಸಿಬಿಡಿ, ಬ್ಯಾಂಕ್ ವ್ಯವಹಾರ ಆಮೇಲೆ ಶುರು ಮಾಡಿ.